ಖಜಾನೆಯ ದಿನದ ಕೆಮ್ಮು

ನನ್ನ ಉಸಿರು ಮೊದಲ ಸಲ ಪೂರ್ತಿಯಾಗಿ ಕೈಕೊಟ್ಟದ್ದು ಬೆಳಕವಾಡಿಯ ಶಾಲೆಯಲ್ಲಿ. ಹೀಗೆಂದು ನಾನು ಹಲವು ವರ್ಷ ಹೇಳಿಕೊಂಡು ಬಂದಿದ್ದೇನೆ. ನನ್ನ ಹೆಂಡತಿ ಅದು ಕೊಕ್ಕರೆ ಬೆಳ್ಳೂರು ಎನ್ನುತ್ತಾಳೆ. ನನ್ನ ಸಾಕ್ಷಿ ನನ್ನ ನೆನಪು. ಅವಳ ಸಾಕ್ಷಿ ನನ್ನ ಕೋಟು. ಅಂದು ನನ್ನನ್ನು ಗಾಡಿಯಲ್ಲಿ ಮಲಗಿಸಿ ಮದ್ದೂರಿಗೆ ತಂದು, ಅಲ್ಲಿಂದ ರೈಲು ಹತ್ತಿಸಿ ಮಂಡ್ಯದ ಮನೆಗೆ ಮುಟ್ಟಿಸಿದಾಗ ಕೋಟಿನ ಎರಡೂ ಭುಜದ ಮೇಲೆ ಹಕ್ಕಿಯ ಹಿಕ್ಕೆ ಬಿದ್ದು ಒಣಗಿತ್ತಂತೆ. ಮೂರು ಸಲ ಉಜ್ಜಿ ಒಗೆದರೂ ಕಲೆ ಹೋಗಲಿಲ್ಲವಂತೆ. "ಬೆಳಕವಾಡೀಲಿ ಅಷ್ಟ್ ದೊಡ್ ಹಕ್ಕಿ ಎಲ್ಲವೆ, ತೋರ್ಸಿ ನೋಡಣ" ಎಂದು ಕೇಳುತ್ತಾಳೆ. ನಾನು ಮೈಸೂರಿನಲ್ಲಿ ಬಿ.ಎ.ಗೆ ತರ್ಕಶಾಸ್ತ್ರ ಓದಿದವನು. ಆ ಪುಸ್ತಕಗಳಲ್ಲಿ ಇಂಥ ಕೋಟಿಗೆ ಉತ್ತರವಿರಲಿಲ್ಲ. ಹಾಗಾಗಿ ಬೆಳ್ಳೂರು ಎಂದೇ ಇಟ್ಟುಕೊಳ್ಳೋಣ. ಆದರೆ ಕಣ್ಣು ಮುಚ್ಚಿದರೆ ಈಗಲೂ ನನಗೆ ಕಾಣುವುದು ಬೆಳಕವಾಡಿಯ ಶಾಲೆಯ ಗೋಡೆಯೇ. ಮುಂದೆ ನಾನು ಹೇಳುವುದನ್ನೆಲ್ಲ ಎಷ್ಟರಮಟ್ಟಿಗೆ ನಂಬಬೇಕೆಂಬುದನ್ನು ಓದುವವರು ಈಗಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ನಾನಾಗ ಶಾಲೆಗಳ ಇನ್‌ಸ್ಪೆಕ್ಟರು. ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿ ಶಾಲೆಗಳನ್ನು ಸೈಕಲ್ಲಿನ ಮೇಲೆ ಸುತ್ತುವುದು, ಮಕ್ಕಳಿಂದ ಮಗ್ಗಿ ಹೇಳಿಸುವುದು, ಹಾಜರಿ ಪುಸ್ತಕ ನೋಡಿ ಸಹಿ ಹಾಕುವುದು ನನ್ನ ಕೆಲಸ. ನಿಜವಾಗಿ ನನ್ನ ಕೆಲಸವೆಂದರೆ ನಾಟಕ ಹಿಡಿಯುವುದು. ಇನ್‌ಸ್ಪೆಕ್ಟರು ಬರುವ ದಿನ ಹಾಜರಿ ತುಂಬಿರಬೇಕೆಂದು ಮೇಷ್ಟರುಗಳು ಪಕ್ಕದ ಊರಿನ ಮಕ್ಕಳನ್ನು ಎರವಲು ತಂದು ಕೂರಿಸುತ್ತಿದ್ದರು. ಒಂದೇ ವಾರದಲ್ಲಿ ಮೂರು ಊರಿನ ಮೂರನೇ ತರಗತಿಯಲ್ಲಿ, ಮೂರು ಹೆಸರಿನಲ್ಲಿ, ಮುಂದಿನ ಹಲ್ಲಿಲ್ಲದ ಒಬ್ಬಳೇ ಹುಡುಗಿಯನ್ನು ಹಿಡಿದವನು ನಾನು. ನನ್ನ ಕಣ್ಣಿಗೆ ಮಣ್ಣೆರಚುವವರು ಈ ಎರಡು ತಾಲ್ಲೂಕಿನಲ್ಲಿ ಇಲ್ಲವೆಂದು ಜಂಬಪಡುತ್ತಿದ್ದೆ.

ಕಬ್ಬು ಕಡಿಯುವ ಕಾಲ ಬಂದು ಆಲೆಮನೆಗಳು ಹೊತ್ತಿಕೊಂಡರೆ ಆ ಹೊಗೆ ನನ್ನ ಎದೆಯಲ್ಲಿ ಬಂದು ಕೂರುತ್ತಿತ್ತು. ಬೆಲ್ಲದ ವಾಸನೆ ಬಂತೆಂದು ಬೇರೆಯವರು ಮೂಗರಳಿಸುವಾಗ ನಾನು ಸೈಕಲ್ಲಿನಿಂದ ಇಳಿದು ಮೈಲಿಕಲ್ಲಿನ ಮೇಲೆ ಕುಳಿತು ಉಸಿರು ಹುಡುಕುತ್ತಿದ್ದೆ. ಬೆಳ್ಳೂರಿನ (ಅಥವಾ ಬೆಳಕವಾಡಿಯ) ಪ್ರಸಂಗವಾದ ಮೇಲೆ ವೈದ್ಯರು ನನ್ನ ಬೆನ್ನಿಗೆ ಕಿವಿಕೊಟ್ಟು ಕೇಳಿ, ಈ ಮನುಷ್ಯ ಉಬ್ಬಸದ ಕಾರಣ ತಿರುಗಾಟದ ಕೆಲಸಕ್ಕೆ ತಕ್ಕವನಲ್ಲ ಎಂದು ಬರೆದುಕೊಟ್ಟರು. ಕುಳಿತು ಮಾಡುವ ಕೆಲಸ ಇಲಾಖೆಯಲ್ಲಿ ಖಾಲಿ ಇರಲಿಲ್ಲ. ಹೀಗೆ ಮೂವತ್ತೆಂಟನೆಯ ವಯಸ್ಸಿಗೆ ನಾನು ಪಿಂಚಣಿದಾರನಾದೆ.

ಬೀಳ್ಕೊಡುಗೆಯ ಸಭೆಯಲ್ಲಿ ಮಾತನಾಡಿದವರೆಲ್ಲ ನನ್ನನ್ನು ಭೂತಕಾಲದಲ್ಲಿಟ್ಟರು. "ಅವರು ಎಷ್ಟು ಶಿಸ್ತಿನವರಾಗಿದ್ದರು" ಎಂದರು. "ಇಂಥವರು ನಮ್ಮ ನಡುವೆ ಇದ್ದರು ಎಂಬುದೇ ಭಾಗ್ಯ" ಎಂದರು. ಹಿರಿಯ ಹೆಡ್‌ಮೇಷ್ಟರೊಬ್ಬರು ಎರಡು ನಿಮಿಷ ಮೌನವಾಗಿ ನಿಲ್ಲೋಣವೆಂದು ಎದ್ದೇಬಿಟ್ಟಿದ್ದರು; ಪಕ್ಕದವರು ಪಂಚೆ ಹಿಡಿದು ಕೂರಿಸಿದರು. ಒಂದು ಶಾಲು, ಒಂದು ಊರುಗೋಲು ಕೊಟ್ಟು ಕಳಿಸಿದರು.

ಮಾರನೆಯ ವರ್ಷ ಆಲೆಮನೆಗಳು ಹೊತ್ತಿಕೊಂಡವು. ಉಬ್ಬಸ ಬರಲಿಲ್ಲ.

ಕಾರಣವೇನೆಂದು ಬಹಳ ಯೋಚಿಸಿದೆ. ತಿರುಗಾಟ ನಿಂತಿತ್ತು, ಹೊಗೆಯ ನಡುವೆ ಹೋಗುತ್ತಿರಲಿಲ್ಲ. ಅದೇ ಸಮಯದಲ್ಲಿ ಆಡುಸೋಗೆಯ ಕಷಾಯ ಕುಡಿಯುತ್ತಿದ್ದೆ. ಅದೇ ಸಮಯದಲ್ಲಿ ನನ್ನ ಹೆಂಡತಿ ವೈದ್ಯನಾಥಪುರದ ದೇವರಿಗೆ ಹರಕೆ ಹೊತ್ತು, ಸೋಮವಾರ ಸೋಮವಾರ ಹೋಗಿ ತೀರ್ಥ ತಂದು, ನನಗೆ ತಿಳಿಯದಂತೆ ಕಾಫಿಗೆ ಬೆರೆಸಿ ಕೊಡುತ್ತಿದ್ದಳು. ಮೂರನ್ನೂ ಒಟ್ಟಿಗೆ ಮಾಡಿದ್ದರಿಂದ ಯಾವುದರಿಂದ ಗುಣವಾಯಿತೆಂದು ಹೇಳಲು ದಾರಿಯೇ ಇಲ್ಲ. ಪ್ರಯೋಗ ಕೆಟ್ಟಿತು, ರೋಗಿ ಉಳಿದ.

ಗುಣವಾಯಿತೆಂದು ತಿಳಿದ ದಿನವೇ ನನಗೆ ದಿಗಿಲು ಹತ್ತಿತು. ಏಕೆಂದರೆ ಸರ್ಕಾರದ ನಿಯಮಗಳ ಪುಸ್ತಕದಲ್ಲಿ ನಾನು ಒಂದು ಸಾಲು ಓದಿದ್ದೆ: ಅನಾರೋಗ್ಯದ ಮೇಲೆ ವೇತನ ಪಡೆಯುತ್ತಿರುವವನು ಗುಣಮುಖನಾದನೆಂದು ತಿಳಿದುಬಂದ ಕೂಡಲೇ ಸದರಿ ವೇತನವನ್ನು ನಿಲ್ಲಿಸತಕ್ಕದ್ದು. ಬಲಗಡೆಯ ಪುಟ, ಕೆಳಗಿನ ಸಾಲು, ಪಕ್ಕದಲ್ಲೊಂದು ಶಾಯಿಯ ಕಲೆ. ಅಷ್ಟು ಸ್ಪಷ್ಟವಾಗಿ ನೆನಪಿತ್ತು. ಬಾಡಿಗೆ ಮನೆ, ಓದುವ ಇಬ್ಬರು ಹೆಣ್ಣುಮಕ್ಕಳು, ಊರಿನ ಜಮೀನಿನಲ್ಲಿ ನನ್ನ ಪಾಲಿಗೆ ಬರುವುದು ವರ್ಷಕ್ಕೆರಡು ಮೂಟೆ ಭತ್ತ. ಪಿಂಚಣಿ ನಿಂತರೆ ನಾವು ನಿಂತಹಾಗೆಯೇ. ಆ ಪುಸ್ತಕವನ್ನು ಇನ್ನೊಮ್ಮೆ ತೆರೆದು ನೋಡಬಹುದಿತ್ತು. ಆದರೆ ಪುಸ್ತಕವಿದ್ದದ್ದು ಖಜಾನೆಯಲ್ಲಿ. ಆ ಸಾಲನ್ನು ಕೇಳುವುದೆಂದರೆ ಕಳ್ಳ ತಾನೇ ಹೋಗಿ ಠಾಣೆಯ ಬಾಗಿಲು ತಟ್ಟಿದಂತೆ ಎನಿಸಿತು. ದೇವರಿದ್ದಾನೆಯೇ ಎಂದು ಸಂಶಯಪಡಲು ಹಿಂಜರಿಯದ ನಾನು ನನ್ನ ನೆನಪಿನ ಮೇಲೆ ಮಾತ್ರ ಸಂಶಯಪಡಲಿಲ್ಲ. ಆಗ ಕೋಟಿನ ವಿಚಾರವೂ ನನ್ನ ಕಿವಿಗೆ ಬಿದ್ದಿರಲಿಲ್ಲ ಎಂದು ಹೇಳಬೇಕೆನಿಸುತ್ತದೆ. ಬಿದ್ದಿತ್ತೋ ಏನೋ.

ಆದ್ದರಿಂದ ತಿಂಗಳ ಮೊದಲ ದಿನ, ಖಜಾನೆಗೆ ಹೋಗುವ ದಿನ, ನಾನು ರೋಗಿಯಾಗುತ್ತಿದ್ದೆ. ಮಂಡ್ಯದ ಬಿಸಿಲಿನಲ್ಲಿ ಶಾಲು ಹೊದ್ದು, ಊರುಗೋಲು ಹಿಡಿದು ಹೊರಡುತ್ತಿದ್ದೆ. ಕಚೇರಿಯ ಮೂಲೆ ತಿರುಗುವವರೆಗೆ ಸಾಮಾನ್ಯ ನಡಿಗೆ. ಆಮೇಲೆ ಹತ್ತು ಹೆಜ್ಜೆಗೊಮ್ಮೆ ನಿಲ್ಲುವುದು. ಗುಮಾಸ್ತರ ಕಿಟಕಿಯ ಮುಂದೆ ಕೆಮ್ಮು: ಮೊದಲು ಒಣದು ಎರಡು, ತಡೆದು ಒಂದು, ಕೊನೆಗೆ ಎದೆಯ ಆಳದಿಂದ ಉದ್ದನೆಯದೊಂದು. ಖಜಾನೆಗೆ ಪಿಂಚಣಿದಾರ ಖುದ್ದಾಗಿ ಬಂದು ತಾನು ಬದುಕಿದ್ದೇನೆಂದು ತೋರಿಸಿ ಸಹಿ ಹಾಕಬೇಕು. ನಾನು ಬದುಕಿದ್ದೇನೆಂದೂ ತೋರಿಸಬೇಕು, ಬಹಳವಾಗಿ ಬದುಕಿಲ್ಲವೆಂದೂ ತೋರಿಸಬೇಕು. ಕಷ್ಟದ ಕೆಲಸ.

ಜಗಲಿಯ ಬೆಂಚಿನ ಮೇಲೆ ಹಳೆಯ ಪಿಂಚಣಿದಾರರು ಸರದಿ ಕಾಯುತ್ತಿದ್ದರು. ಅವರಲ್ಲಿ ಎಪ್ಪತ್ತು ದಾಟಿದ ಒಬ್ಬ ದಫೇದಾರರಿದ್ದರು. ನನ್ನನ್ನು ಕಂಡರೆ ಸಾಕು, ಮೊಣಕಾಲು ಹಿಡಿದು ಏಳುತ್ತಿದ್ದರು.

"ಬಾ ಮಗ, ಇಲ್ ಕುಂತ್ಕೊ. ನಂಗೇನ್ ಬುಡು, ನಾ ಗಟ್ಟಿಯಾಗಿವ್ನಿ."

"ಬೇಡಿ ಯಜಮಾನರೇ."

"ಕುಂತ್ಕೊ ಅಂದ್ರೆ ಕುಂತ್ಕೊ. ಸುಮ್ನೆ ಮಾತಾಡಿ ಉಸ್ರು ಕಳೀಬ್ಯಾಡ."

ನಾನು ಕೂರುತ್ತಿದ್ದೆ. ಅವರು ಕಂಬಕ್ಕೊರಗಿ ನಿಲ್ಲುತ್ತಿದ್ದರು. ಮೊದಲ ವರ್ಷ ನಾಚಿಕೆಯಾಗುತ್ತಿತ್ತು. ಆಮೇಲೆ ಬೆಂಚಿನ ಆ ಜಾಗ ನನ್ನದೇ ಎನಿಸಿತು.

ಉಳಿದ ಇಪ್ಪತ್ತೊಂಬತ್ತು ದಿನಗಳ ಸಮಸ್ಯೆ ಬೇರೆ. ಮನೆಯಲ್ಲಿ ಕುಳಿತು ಕುಳಿತು ನನಗೆ ಹುಚ್ಚು ಹಿಡಿಯುವಂತಾಗಿತ್ತು. ಮಾಡಲು ಕೆಲಸವಿಲ್ಲದ ಇನ್‌ಸ್ಪೆಕ್ಟರು ಅಡುಗೆಮನೆಯ ತಪಾಸಣೆಗೆ ಇಳಿದ. ಒಗ್ಗರಣೆಗೆ ಸಾಸಿವೆ ಹೆಚ್ಚಾಯಿತೆಂದು ಹೇಳಿದ ದಿನ ಹೆಂಡತಿ ಸೌಟು ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ಕುಳಿತಳು. ಕೊನೆಗೆ ಸೈಕಲ್ ರಿಪೇರಿ ಅಂಗಡಿಯ ಸಾಬರ ಮೊರೆಹೊಕ್ಕೆ. ಕೆಲಸ ಬಿಟ್ಟಾಗ ನನ್ನ ಸೈಕಲ್ಲನ್ನು ಅವರಿಗೇ ಮಾರಿದ್ದೆ. ಈಗ ಬೆಳಗಿನ ಜಾವ, ಜನ ಏಳುವ ಮುಂಚೆ, ಅದನ್ನೇ ಗಂಟೆಯ ಬಾಡಿಗೆಗೆ ತೆಗೆದುಕೊಂಡು ಮದ್ದೂರಿನ ರಸ್ತೆಯಲ್ಲಿ ನಾಲ್ಕು ಮೈಲಿ ಹೋಗಿ ಬರುತ್ತಿದ್ದೆ.

"ಅರೆ ಸಾಹೇಬ್ರೆ, ನಿಮ್ ಗಾಡಿಗೆ ನೀವೇ ಬಾಡಿಗೆ ಕೊಡ್ತೀರಲ್ಲ! ನನ್ ಜಿಂದಗೀಲಿ ಇಂಥ ಗಿರಾಕಿ ನೋಡಿಲ್ಲ" ಎಂದರು ಸಾಬರು.

"ಯಾರಿಗೂ ಹೇಳಬೇಡಿ ಸಾಬರೇ."

"ಹೇಳಿದ್ರೂ ಯಾರ್ ನಂಬ್ತಾರೆ? ಮೊನ್ನೆ ಖಜಾನೆ ಹತ್ರ ನಿಮ್ಮನ್ ನೋಡ್ದೆ. ಸೈಕಲ್ ಕೊಟ್ಟೋನು ನಾನೇ, ಆದ್ರೂ ನನ್ ಕಣ್ಣಲ್ ನೀರ್ ಬಂತು."

ಯುದ್ಧ ನಡೆಯುತ್ತಿದ್ದ ಕಾಲ. ಓದಿದವರನ್ನೆಲ್ಲ ಹೊಸ ಹೊಸ ಕಚೇರಿಗಳು ಸೆಳೆದುಕೊಳ್ಳುತ್ತಿದ್ದವು. ಮದ್ದೂರಿನಲ್ಲಿ ಊರವರೇ ಸೇರಿ ಒಂದು ಮಿಡ್ಲ್ ಸ್ಕೂಲ್ ನಡೆಸುತ್ತಿದ್ದರು. ಅದರ ಕಮಿಟಿಯ ಅಧ್ಯಕ್ಷರು ಅಕ್ಕಿ ಗಿರಣಿಯ ಯಜಮಾನರು. ಒಂದು ದಿನ ಅವರು ನಮ್ಮ ಮನೆಯ ಬಾಗಿಲಿಗೆ ಬಂದರು.

"ನಮ್ ಎಡ್‌ಮೇಷ್ಟ್ರನ್ನ ಮಿಲ್ಟ್ರಿ ಆಪೀಸ್ನೋರು ಎಳ್ಕಂಡೋದ್ರು ಸಾಮಿ. ಮಕ್ಳು ಪೋಲಿ ಬಿದ್ದೋಗವೆ. ನೀವ್ ಬಂದು ಕುಂತ್ಕೊಂಡ್ರೆ ಸಾಕು."

ಆ ಮಾತಿಗೆ ನನ್ನ ಮೈಯೆಲ್ಲ ಎದ್ದು ನಿಂತಿತು. ಹದಿನಾರು ವರ್ಷ ಬೇರೆಯವರ ಪಾಠಕ್ಕೆ ತಪ್ಪು ಹಿಡಿದವನಿಗೆ ತಾನೇ ಒಂದು ಶಾಲೆ ನಡೆಸುವ ಆಸೆ ಇರುವುದಿಲ್ಲವೇ? ಆಗುತ್ತದೆ ಎನ್ನಲು ಬಾಯಿ ತೆರೆದೆ. ಬಲಗಡೆಯ ಪುಟ, ಕೆಳಗಿನ ಸಾಲು ಕಣ್ಣಿಗೆ ಬಂತು. ಕೆಮ್ಮಿದೆ. ಒಣದು ಎರಡು, ತಡೆದು ಒಂದು, ಕೊನೆಗೆ ಉದ್ದನೆಯದು.

"ಅಯ್ಯಯ್ಯೋ ಬುಡಿ, ಬುಡಿ! ನೀರ್ ಕುಡೀರಿ. ನಂದೇ ತೆಪ್ಪಾಯ್ತು" ಎಂದು ಅವರು ಕೈಮುಗಿದು, ರೋಗಿಗೆಂದು ಒಂದು ಚಿಪ್ಪು ಬಾಳೆಹಣ್ಣು ಇಟ್ಟು ಹೋದರು. ವರ್ಷ ಬಿಟ್ಟು ಮತ್ತೊಮ್ಮೆ ಬಂದರು. ಮತ್ತೊಮ್ಮೆ ಕೆಮ್ಮಿದೆ, ಮತ್ತೊಂದು ಚಿಪ್ಪು ಬಂತು.

ಎರಡನೆಯ ಸಲ ಅವರು ಗೇಟು ದಾಟುವವರೆಗೆ ಕಾದು ನನ್ನ ಹೆಂಡತಿ ಒಳಗಿನಿಂದ ಬಂದಳು.

"ಆಯಪ್ಪ ಅಷ್ಟ್ ದೂರದಿಂದ ಬಂದು ಕೈಮುಗ್ದು ಕರುದ್ರೆ ನಾಟ್ಕ ಕಟ್ತೀರಾ? ಆ ದೇವ್ರು ವಾಸಿ ಮಾಡವ್ನೆ. ಅದ್ನ ನಾಲ್ಕ್ ಜನದ ಮುಂದೆ ಹೇಳಂಗಿಲ್ಲ ಅಂತ ನನ್ ಬಾಯಿ ಕಟ್ಟಿದ್ದೀರಿ. ಅರಕೆ ತೀರ್ಸೋಕ್ ಓದ್ರೆ 'ಯಾತರ ಅರಕೆಯಮ್ಮ' ಅಂತ ಪೂಜಾರಪ್ಪ ಕೇಳ್ತನೆ. ಏನ್ ಹೇಳ್ಲಿ?"

"ಮಕ್ಕಳ ಓದಿನದು ಅಂತ ಹೇಳು."

"ಸುಳ್ ಹೇಳಿ ತೀರ್ಸಿದ್ ಅರಕೆನ ದೇವ್ರು ಒಪ್ತನಾ? ಅವ್ನೇನ್ ನಿಮ್ ಖಜಾನೆ ಗುಮಾಸ್ತನಾ?"

"ಪಿಂಚಣಿ ನಿಂತರೆ ಏನು ತಿನ್ನುತ್ತೀಯ?"

"ಕೈಕಾಲ್ ಗಟ್ಟಿಯಾಗಿರೋ ಗಂಡ ದುಡುದ್ರೆ ತಿಂತೀನಿ."

ಪಿಂಚಣಿಯೂ ನಿಂತು, ಹೊಸ ಕೆಲಸಕ್ಕೆ ಹೋದ ಮೇಲೆ ಉಬ್ಬಸವೂ ಮರಳಿ ಬಂದರೆ ಏನು ಗತಿ ಎಂದು ಅವಳಿಗೆ ತರ್ಕಬದ್ಧವಾಗಿ ವಿವರಿಸಿದೆ. ಅವಳು ಅರ್ಧದಲ್ಲೇ ಎದ್ದು ಹೋಗಿ ರುಬ್ಬಲು ಕುಳಿತಳು. ನಾನು ಬಾಳೆಹಣ್ಣು ತಿಂದೆ.

ಸಿಕ್ಕಿಬಿದ್ದದ್ದು ನಾಲ್ಕನೆಯ ವರ್ಷ. ಒಂದು ಬೆಳಗ್ಗೆ ಮದ್ದೂರಿನ ರಸ್ತೆಯಲ್ಲಿ ಇಳಿಜಾರು ಸಿಕ್ಕಿತೆಂದು, ನಾಚಿಕೆಯಿಲ್ಲದೆ ಹೇಳುವುದಾದರೆ, ಎರಡೂ ಕೈ ಬಿಟ್ಟು ಸೈಕಲ್ ಹೊಡೆಯುತ್ತಿದ್ದೆ. ಕಬ್ಬಿನ ಗದ್ದೆಯ ಬದುವಿನಿಂದ ಖಜಾನೆಯ ಗುಮಾಸ್ತರು ಕೈಯಲ್ಲಿ ಚೊಂಬು ಹಿಡಿದು ರಸ್ತೆಗೆ ಹತ್ತಿದರು. ಆ ಹೊತ್ತಿನಲ್ಲಿ ಚೊಂಬು ಹಿಡಿದು ಬರುವವರನ್ನು ನಮ್ಮ ಕಡೆ ಯಾರೂ ಮಾತನಾಡಿಸುವುದಿಲ್ಲ. ಅವರೂ ಯಾರನ್ನೂ ಮಾತನಾಡಿಸುವುದಿಲ್ಲ. ಆ ಮರ್ಯಾದೆಯೇ ಅಂದು ನನ್ನನ್ನು ಉಳಿಸಿತು, ಅದೇ ಕೆಡಿಸಿತು. ಅವರು ಒಂದು ಮಾತು ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬೈಯಲಿಲ್ಲ, ನೋಡಿದರು ಅಷ್ಟೆ. ನನಗೆ ಕೆಮ್ಮಬೇಕೆಂದು ಹೊಳೆದು, ಕೈಬಿಟ್ಟ ಸೈಕಲ್ಲಿನ ಮೇಲೇ ಕೆಮ್ಮಿ, ರಸ್ತೆ ಬದಿಯ ಜಲ್ಲಿಯ ರಾಶಿಗೆ ಹೋಗಿ ಬಿದ್ದೆ. ಗುಮಾಸ್ತರು ಮರ್ಯಾದೆ ಬಿಡದೆ ಮುಖ ತಿರುಗಿಸಿಕೊಂಡು ಹೊರಟುಹೋದರು.

ತಿಂಗಳ ಮೊದಲ ದಿನಕ್ಕೆ ಇನ್ನೂ ಒಂಬತ್ತು ದಿನವಿತ್ತು. ಆ ಒಂಬತ್ತು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ಹೆಣ್ಣುಮಕ್ಕಳ ಶಾಲೆ ಬಿಡಿಸಬೇಕೇ, ಊರಿಗೆ ಹೋಗಿ ಅಣ್ಣಂದಿರ ಜಗಲಿಯಲ್ಲಿ ಕೂರಬೇಕೇ ಎಂದು ಯೋಚಿಸಿದೆ. ಕೊನೆಗೆ ಆ ದಿನ ಬಂತು. ಶಾಲು ಹೊದೆಯಲಿಲ್ಲ. ಜಲ್ಲಿಗೆ ಬಿದ್ದು ಮಂಡಿ ಊದಿದ್ದರಿಂದ ಊರುಗೋಲು ಮಾತ್ರ ಈ ಸಲ ನಿಜವಾಗಿ ಬೇಕಿತ್ತು.

ಕಿಟಕಿಯ ಮುಂದೆ ನಿಂತು, "ಸ್ವಾಮಿ, ನನಗೆ ಗುಣವಾಗಿ ನಾಲ್ಕು ವರ್ಷವಾಯಿತು. ನಿಯಮದ ಪ್ರಕಾರ ಏನು ಮಾಡಬೇಕೋ ಮಾಡಿ" ಎಂದೆ.

"ಯಾವ ನಿಯಮ?" ಎಂದರು ಗುಮಾಸ್ತರು.

ಬಾಯಿಪಾಠ ಒಪ್ಪಿಸಿದೆ. ಅವರು ಎದ್ದು ಕಪಾಟಿನಿಂದ ಪುಸ್ತಕ ಇಳಿಸಿ, ಬೆರಳು ಒದ್ದೆ ಮಾಡಿಕೊಂಡು ಪುಟ ತಿರುಗಿಸುತ್ತಾ ಹೋದರು. ಬಲಗಡೆಯ ಪುಟ, ಕೆಳಗಡೆ, ಶಾಯಿಯ ಕಲೆ ಎಂದೆಲ್ಲ ನಾನು ಹೊರಗಿನಿಂದ ಗುರುತು ಹೇಳಿದೆ. ಕಲೆ ಸಿಕ್ಕಿತು. ಅದರ ಪಕ್ಕದಲ್ಲಿ ಕುದುರೆ ಸಾಕುವ ಅಧಿಕಾರಿಗಳ ಹುಲ್ಲಿನ ಭತ್ಯದ ವಿಚಾರವಿತ್ತು.

"ಹೀಗೊಂದು ಸಾಲು ಇಲ್ಲವಲ್ಲ ಸ್ವಾಮಿ. ಖಜಾನೆಗೆ ಬೇಕಾದ್ದು ನೀವು ಬದುಕಿದ್ದೀರಿ ಅನ್ನೋದು. ಚೆನ್ನಾಗಿ ಬದುಕಿದ್ದೀರೋ ಕೆಟ್ಟದಾಗಿ ಬದುಕಿದ್ದೀರೋ ಅನ್ನೋ ಕಾಲಂ ನಮ್ಮಲ್ಲಿಲ್ಲ."

"ಖಾಸಗಿ ಶಾಲೆಯಲ್ಲಿ ಕೆಲಸ ಮಾಡಿದರೆ?"

"ಒಂದು ಅರ್ಜಿ ಬರೆದುಕೊಡಿ, ಮಾಡಿ. ಅಲ್ಲ ಸ್ವಾಮಿ, ತಿಂಗಳಿಗೊಂದು ಸಲ ಆ ಪಾಟಿ ಕೆಮ್ಮುತ್ತಿದ್ದಿರಲ್ಲ, ನನಗೆ ರೋಗ ಅಂಟೀತು ಅಂತ ನಿಮ್ಮ ಸಹಿಯಾದ ಮೇಲೆ ಕೈ ತೊಳೀತಿದ್ದೆ. ಇದಕ್ಕಾಗಿಯೇ?"

ನನ್ನ ಹಿಂದೆ ಬೆಂಚು ಕಿರುಗುಟ್ಟಿತು. ದಫೇದಾರರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಅಂಗಾರೆ ನಾಲ್ಕ್ ವರ್ಸದಿಂದ ನನ್ನ ಕಂಬಕ್ ಒರಗ್ಸಿದ್ದೇನ್ಲಾ ನೀನು? ಬಿಯೆ ಓದಿರೋ ನನ್ ಮಗ್ನೆ!"

ಅಂದು ನಾನು ಅವರ ಸರದಿ ಮುಗಿಯುವವರೆಗೆ ಕಂಬಕ್ಕೊರಗಿ ನಿಂತಿದ್ದೆ. ಯಾರೂ ನಿಲ್ಲೆಂದು ಹೇಳಿರಲಿಲ್ಲ.

ಆ ಸಾಲನ್ನು ನಾನು ಓದಿದ್ದಂತೂ ಸುಳ್ಳಲ್ಲ. ಎಲ್ಲಿ ಓದಿದ್ದೆನೆಂದು ನೆನಪಾಗಲು ಮತ್ತೆ ಎರಡು ವಾರ ಬೇಕಾಯಿತು. ಅದು ಮೈಸೂರಿನಲ್ಲಿ ನಾನು ಓದುವಾಗ ಬರುತ್ತಿದ್ದ ವಿದ್ಯಾರ್ಥಿವೇತನದ ಕಾಗದದಲ್ಲಿತ್ತು: ಕಾಯಿಲೆಯೆಂದು ಪರೀಕ್ಷೆ ತಪ್ಪಿಸಿಕೊಂಡವನು ಗುಣವಾದ ಕೂಡಲೇ ಹಾಜರಾಗದಿದ್ದರೆ ವೇತನ ನಿಲ್ಲುವುದು. ವಯಸ್ಸು ಇಪ್ಪತ್ತಿದ್ದಾಗ ಹೆದರಿದ ಸಾಲಿಗೆ ನಲವತ್ತರಲ್ಲಿ ಮತ್ತೊಮ್ಮೆ ಹೆದರಿದ್ದೆ. ಅಥವಾ ಇದನ್ನೂ ನಾನು ಆಮೇಲೆ ಹೊಂದಿಸಿಕೊಂಡಿರಬಹುದು.

ಮನೆಗೆ ಬಂದು ವಿಷಯ ಹೇಳಿದೆ. ಹೆಂಡತಿ ಸೋಮವಾರ ಬರಲೆಂದು ಕಾದು, ಮಕ್ಕಳನ್ನು ಕರೆದುಕೊಂಡು ವೈದ್ಯನಾಥಪುರಕ್ಕೆ ಹೋಗಿ, ಯಾತರ ಹರಕೆಯೆಂದು ಪೂಜಾರಿ ಕೇಳುವ ಮೊದಲೇ ಗುಡಿಯೆಲ್ಲ ಕೇಳುವಂತೆ ಹೇಳಿ ಬಂದಳಂತೆ. "ಈಗ ಮದ್ದೂರಿಗೆ ಓಗಿ" ಎಂದಳು.

ಮದ್ದೂರಿನ ಶಾಲೆಗೆ ಆಗಲೂ ಹೆಡ್‌ಮೇಷ್ಟರಿರಲಿಲ್ಲ. ಬಂದವರೊಬ್ಬರು ಆರು ತಿಂಗಳಿಗೇ ಬಿಟ್ಟುಹೋಗಿದ್ದರು. ಆದರೆ ಅಧ್ಯಕ್ಷರು ನನ್ನನ್ನು ಎರಡು ಸಲ ಸಾಯುವ ಸ್ಥಿತಿಯಲ್ಲಿ ನೋಡಿದವರು. ಗುಣವಾಗಿದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ನಂಬುವುದಿಲ್ಲ. ರೈಲಿನಲ್ಲಿ ಹೋಗಬಹುದಿತ್ತು, ಆದರೆ ರೈಲಿನಲ್ಲಿ ಬಂದವನ ಆರೋಗ್ಯ ಯಾರಿಗೆ ಕಾಣುತ್ತದೆ? ಹನ್ನೆರಡು ಮೈಲಿಯನ್ನೂ ಸೈಕಲ್ಲಿನಲ್ಲೇ ಹೋಗಿ ಅಧ್ಯಕ್ಷರ ಮುಂದೆ ಚಂಗನೆ ಇಳಿಯಬೇಕೆಂದು ನಿರ್ಧರಿಸಿದೆ. ಇದು ಕಬ್ಬು ಅರೆಯುವ ತಿಂಗಳು ಎಂಬುದು ನನ್ನ ತರ್ಕದಲ್ಲಿ ಬರಲಿಲ್ಲ.

ಆರು ಮೈಲಿ ಚೆನ್ನಾಗಿಯೇ ಹೋದೆ. ಆಮೇಲೆ ಆಲೆಮನೆಗಳ ಹೊಗೆ. ಅದರ ಮೇಲೆ ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸೊಂದು ನನ್ನನ್ನು ದಾಟಿ ಹೋಗಿ ರಸ್ತೆಯನ್ನೆಲ್ಲ ಕಪ್ಪು ಮಾಡಿತು. ಶಾಲೆಯ ಮುಂದೆ ಇಳಿದಾಗ ಎದೆ ಹಾರ್ಮೋನಿಯಂ ಆಗಿತ್ತು. ಅದು ಹನ್ನೆರಡು ಮೈಲಿಯ ದಣಿವೋ ಹಳೆಯ ಉಬ್ಬಸವೋ ನನಗೇ ತಿಳಿಯಲಿಲ್ಲ. ಈಗಲೂ ತಿಳಿಯದು. ನಾಲ್ಕು ವರ್ಷ ನಟಿಸಿದವನಿಗೆ ಅಸಲು ಯಾವುದೆಂದು ಗುರುತು ತಪ್ಪಿತ್ತು.

"ವಾಸಿ... ಯಾಗಿದೆ" ಎಂದೆ, ಮಕ್ಕಳನ್ನು ಕಾಯುತ್ತಾ ಜಗಲಿಯಲ್ಲಿ ಕುಳಿತಿದ್ದ ಅಧ್ಯಕ್ಷರಿಗೆ.

"ಕಾಣ್ತಾ ಅದಲ್ಲ ಸಾಮಿ. ಮಾತಾಡ್ಬ್ಯಾಡಿ, ಮನೀಕಳಿ" ಎಂದು ಬೆಂಚು ತೋರಿಸಿದರು.

ನೀರು ಕುಡಿದು, ಸಿಕ್ಕಷ್ಟು ಉಸಿರಿನಲ್ಲಿ ನಡೆದದ್ದನ್ನೆಲ್ಲ ಒಪ್ಪಿಕೊಂಡೆ: ಕೆಮ್ಮು, ನಿಯಮ, ಬಾಳೆಹಣ್ಣು. ಅವರು ಗಲ್ಲ ಕೆರೆದುಕೊಂಡು ಕೇಳಿದರು.

"ಅಂದ್ರೆ ಆವತ್ತು ಕೆಮ್ಮಿದ್ದು ಸುಳ್ಳು, ಇವತ್ತಿಂದು ನಿಜ?"

"ಇವತ್ತಿನದು ದಣಿವು."

"ಏನಾರಾ ಆಗ್ಲಿ. ಭತ್ತ ಕೊಳ್ಳೋವಾಗ ನಾನು ಒಂದ್ ಇಡಿ ಉಜ್ಜಿ ನೋಡ್ದೆ ತಗೊಳಲ್ಲ. ಆ ರೂಮ್ನಲ್ಲಿ ಮಕ್ಳು ಗಲಾಟೆ ಮಾಡ್ತಾವೆ. ಓಗಿ ಒಂದ್ ಗಂಟೆ ಪಾಠ ಮಾಡಿ. ಕೆಮ್ದೆ ಮಾಡುದ್ರೆ ಇರಿ. ಕೆಮ್ಮಿದ್ರೋ, ನಾನೇ ರೈಲ್ ಹತ್ತುಸ್ತೀನಿ."

ಒಳಗೆ ಹೋದೆ. ಮಕ್ಕಳು ಸುಮ್ಮನಾದರು. ಭಿನ್ನರಾಶಿ ಹಿಡಿದುಕೊಂಡೆ. ಬಾಗಿಲ ಬಳಿ ಅಧ್ಯಕ್ಷರು ಕುರ್ಚಿ ಹಾಕಿಕೊಂಡು ಕುಳಿತರು. ಬೇಕೆಂದಾಗ ತರಿಸಿಕೊಳ್ಳುತ್ತಿದ್ದ ಕೆಮ್ಮು ಈಗ ಬೇಡವೆಂದರೂ ಗಂಟಲಿಗೆ ಬಂದು ನಿಂತಿತ್ತು. ಬೋರ್ಡಿನ ಕಡೆ ತಿರುಗಿ ನುಂಗಿದೆ. ಮಕ್ಕಳ ಕೈಲಿ ಲೆಕ್ಕ ಹೇಳಿಸುವ ನೆಪದಲ್ಲಿ ನುಂಗಿದೆ. ಮುಕ್ಕಾಲು ಗಂಟೆಯಾಗುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಅರ್ಧದಲ್ಲಿ ಅರ್ಧವೆಂದರೆ ಕಾಲು ಏಕೆ, ಚಿಕ್ಕದಾಗುವುದು ಏಕೆ, ಗುಣಿಸಿದರೆ ದೊಡ್ಡದಾಗಬೇಕಲ್ಲವೇ ಎಂದು ಕೇಳಿದಳು. ಹದಿನಾರು ವರ್ಷದ ತಪಾಸಣೆಯಲ್ಲಿ ಒಂದು ಮಗುವೂ ನನ್ನನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ. ಸಂತೋಷದಿಂದ ಉತ್ತರ ಹೇಳಲು ಹೊರಟು, ಎಚ್ಚರಿಕೆ ಮರೆತು, ಬೋರ್ಡನ್ನು ಜೋರಾಗಿ ಒರೆಸಿಬಿಟ್ಟೆ. ಸೀಮೆಸುಣ್ಣದ ಧೂಳು ಮೂಗಿಗೆ ನುಗ್ಗಿತು.

ಒಂದೇ ಒಂದು ಕೆಮ್ಮು. ಬಾಗಿಲ ಬಳಿ ಕುರ್ಚಿ ಸರಿದ ಸದ್ದಾಯಿತು. ನಾನು ತಿರುಗಿ ನೋಡದೆ ಆ ಹುಡುಗಿಗೆ ಉತ್ತರ ಹೇಳಿ ಮುಗಿಸಿದೆ.

ಗಂಟೆ ಹೊಡೆದ ಮೇಲೆ ಅಧ್ಯಕ್ಷರು ನನ್ನನ್ನು ಜಗಲಿಗೆ ಕರೆದರು. "ಒಂದಾಯ್ತು" ಎಂದರು. ಬೋರ್ಡಿನ ಕಡೆಗೊಮ್ಮೆ ಇಣುಕಿ, "ಆ ಮಗೀಗೆ ಹೇಳಿದ್ದು ನಂಗೂ ಅರ್ಥಾಯ್ತು. ಇಂಗ್ ಮಾಡಣ. ಆಲೆ ಆಡೋ ತಿಂಗ್ಳಲ್ಲಿ ಅರ್ಧ ಸಂಬ್ಳ, ಅರ್ಧ ದಿನ ಕೆಲ್ಸ. ಮಿಕ್ಕಿದ್ ತಿಂಗ್ಳು ಪೂರ್ತಿ. ನಾಳೆಯಿಂದ ರೈಲಲ್ ಬನ್ನಿ. ಒಪ್ಗೆಯಾ?" ಎಂದರು.

ಹೆಡ್‌ಮೇಷ್ಟರಾದವನಿಗೆ ಅರ್ಧ ಸಂಬಳವೇ, ಇದು ಯಾವ ನ್ಯಾಯ ಎಂದು ಕೇಳಲು ನನ್ನಲ್ಲಿ ಮೂರು ಬಲವಾದ ವಾದಗಳಿದ್ದವು. ಆದರೆ ಬಾಯಿ ತೆರೆದರೆ ಎರಡನೆಯ ಕೆಮ್ಮು ಹೊರಗೆ ಬರುತ್ತಿತ್ತು. ತುಟಿ ಬಿಗಿದುಕೊಂಡು ತಲೆಯಾಡಿಸಿದೆ. ಹೊಸ ಹೆಡ್‌ಮೇಷ್ಟರು ಹೆಚ್ಚು ಮಾತಾಡದ ಗಂಭೀರ ಮನುಷ್ಯರೆಂದು ಮದ್ದೂರಿನಲ್ಲಿ ನನಗೆ ಹೆಸರು ಬಂತು.